ತೀರಿಹೋದವರ ವಿಲ್: ಹೆಸರಿದ್ದವರಿಗೇ ಗುಟ್ಟೇಕೆ?

ಮಾನ್ಯ ಸಂಪಾದಕರೇ,

ನನ್ನ ಸೋದರತ್ತೆ ತೀರಿಕೊಂಡ ಕೆಲವು ದಿನಗಳ ಬಳಿಕ ಹತ್ತಿರದ ಸಂಬಂಧಿಯೊಬ್ಬರು ಫೋನ್ ಮಾಡಿ, ‘ಅತ್ತೆ ವಿಲ್ ಬರೆದಿಟ್ಟಿದ್ದಾರೆ, ಅದರಲ್ಲಿ ನಿನ್ನ ಹೆಸರೂ ಇದೆ’ ಎಂದಷ್ಟೇ ಹೇಳಿದರು. ಏನು ಬರೆದಿದ್ದಾರೆ, ಯಾವಾಗ ಬರೆದರು, ನೋಂದಣಿ ಆಗಿದೆಯೇ ಎಂದು ಕೇಳಿದ್ದಕ್ಕೆ ‘ಕಾಲ ಬಂದಾಗ ಎಲ್ಲ ಗೊತ್ತಾಗುತ್ತದೆ’ ಎಂಬ ಉತ್ತರ ಬಂತು. ಏಳು ತಿಂಗಳಾದರೂ ಆ ಕಾಲ ಬರಲಿಲ್ಲ. ನನಗೆ ಆಸ್ತಿಯ ಆಸೆಯೇ ಇರಲಿಲ್ಲ ಎಂದು ಬರೆದರೆ ಅದು ಪೂರ್ತಿ ನಿಜವಾಗದು. ಆದರೆ ನನ್ನ ಹೆಸರಿರುವ ಕಾಗದವೊಂದು ಇನ್ನೊಬ್ಬರ ಬೀರುವಿನಲ್ಲಿದ್ದು, ಅದನ್ನು ಓದಲು ಅವರ ದಾಕ್ಷಿಣ್ಯಕ್ಕೆ ಕಾಯಬೇಕಾದದ್ದು ಆಸೆಗಿಂತ ಹೆಚ್ಚಿನ ಸಂಕಟವಾಗಿತ್ತು.

ಸಿನಿಮಾ ಮತ್ತು ಧಾರಾವಾಹಿಗಳಲ್ಲಿ ವಕೀಲರು ಮನೆಯವರನ್ನೆಲ್ಲ ಕೂರಿಸಿಕೊಂಡು ವಿಲ್ ಓದುವ ದೃಶ್ಯವನ್ನು ನೋಡಿ ಬೆಳೆದ ನಮಗೆ, ಹಾಗೆ ಓದಲೇಬೇಕೆಂಬ ನಿಯಮ ನಮ್ಮ ಕಾನೂನಿನಲ್ಲಿಲ್ಲ ಎಂಬುದು ಗೊತ್ತಿರುವುದಿಲ್ಲ. ಹೆಸರಿದ್ದವರು ತಾವೇ ಕೇಳಬೇಕು, ತಾವೇ ಹುಡುಕಬೇಕು. ಹೇಗೆ ಹುಡುಕಬೇಕೆಂದು ತಿಳಿಯದೆ ನಾನು ಕಳೆದುಕೊಂಡ ಸಮಯವನ್ನು ಬೇರೆಯವರಾದರೂ ಉಳಿಸಿಕೊಳ್ಳಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ನಾನು ಮಾಡಿದ ಮೊದಲ ತಪ್ಪು, ಅತ್ತೆಯ ಮನೆಯ ಋಣಭಾರ ಪ್ರಮಾಣಪತ್ರ, ಅಂದರೆ ಆಸ್ತಿಯ ಮೇಲಿನ ನೋಂದಾಯಿತ ಕ್ರಯ, ಅಡಮಾನಗಳನ್ನು ತೋರಿಸುವ, ಎಲ್ಲರೂ ಇ.ಸಿ. ಎನ್ನುವ ಕಾಗದವನ್ನು ತೆಗೆಸಿದ್ದು. ಅದರಲ್ಲಿ ವಿಲ್ಲಿನ ಸುಳಿವೇ ಇರಲಿಲ್ಲವಾದ್ದರಿಂದ ವಿಲ್ ನೋಂದಣಿಯಾಗಿಲ್ಲವೆಂದು ತಿಳಿದು ಸುಮ್ಮನಾಗಿಬಿಟ್ಟೆ. ಕ್ರಯಪತ್ರ, ಅಡಮಾನಗಳಂಥ ಸ್ಥಿರಾಸ್ತಿ ದಸ್ತಾವೇಜುಗಳು ಉಪನೋಂದಣಾಧಿಕಾರಿ ಕಚೇರಿಯ ಒಂದನೇ ಪುಸ್ತಕಕ್ಕೆ ಸೇರಿದರೆ, ವಿಲ್ಲುಗಳು ಪ್ರತ್ಯೇಕವಾಗಿ ಮೂರನೇ ಪುಸ್ತಕಕ್ಕೆ ಸೇರುತ್ತವೆ, ಆದ್ದರಿಂದ ಅವು ಇ.ಸಿ.ಯಲ್ಲಿ ಕಾಣುವುದಿಲ್ಲ ಎಂದು ಪರಿಚಯದ ಪತ್ರಬರಹಗಾರರೊಬ್ಬರು ಬಿಡಿಸಿ ಹೇಳಿದ ಮೇಲೆಯೇ ನನಗೆ ಅರಿವಾದದ್ದು. 1908ರ ನೋಂದಣಿ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ವಿಲ್ ಬರೆದವರು ಬದುಕಿರುವಷ್ಟು ಕಾಲ ಅವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ ಅದರ ನಕಲು ಸಿಗುತ್ತದೆ. ಅವರು ತೀರಿಹೋದ ಮೇಲೆ ಅರ್ಜಿ ಹಾಕಿದ ಯಾರಿಗೇ ಆದರೂ ಕೊಡಬೇಕು. ಯಾರಿಗೇ ಆದರೂ ಎಂಬ ಮಾತನ್ನು ಗಮನಿಸಬೇಕು. ವಿಲ್ ಇಟ್ಟುಕೊಂಡವರ ಒಪ್ಪಿಗೆಯಾಗಲಿ ಸಹಿಯಾಗಲಿ ಬೇಕಿಲ್ಲ. ಮರಣ ಪ್ರಮಾಣಪತ್ರದೊಂದಿಗೆ ಅರ್ಜಿ ಕೊಟ್ಟು, ಏಳು ತಿಂಗಳು ನನ್ನಿಂದ ಮುಚ್ಚಿಟ್ಟಿದ್ದ ವಿಲ್ಲಿನ ದೃಢೀಕೃತ ನಕಲನ್ನು ನಾನು ಪಡೆದುಕೊಂಡೆ. ಅದರಲ್ಲಿ ಏನಿತ್ತೆಂಬುದು ಪತ್ರಿಕೆಗೆ ಬರೆಯುವ ಸಂಗತಿಯಲ್ಲ.

ಕೆಲವರು ವಿಲ್ಲನ್ನು ಲಕೋಟೆಯಲ್ಲಿಟ್ಟು ಮೊಹರು ಮಾಡಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡುವುದೂ ಉಂಟು. ಅಂಥ ಲಕೋಟೆಯನ್ನು ಬರೆದವರ ಮರಣಾನಂತರ, ಮರಣ ಖಾತ್ರಿಯಾದ ಮೇಲೆ, ಅರ್ಜಿದಾರರ ಎದುರಿಗೇ ತೆರೆದು ಅವರ ಖರ್ಚಿನಲ್ಲಿ ಮೂರನೇ ಪುಸ್ತಕಕ್ಕೆ ನಕಲು ಮಾಡಿಸಬಹುದು.

ನಿಜವಾದ ತೊಡಕು ಇರುವುದು ನೋಂದಣಿಯಾಗದ ವಿಲ್ಲಿನಲ್ಲಿ. ವಿಲ್ಲಿಗೆ ನೋಂದಣಿ ಕಡ್ಡಾಯವಲ್ಲ, ಛಾಪಾ ಕಾಗದವೂ ಬೇಕಿಲ್ಲ. ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿ, ಇಬ್ಬರು ಸಾಕ್ಷಿಗಳು ದೃಢೀಕರಿಸಿದ್ದರೆ ಸಾಕು. ಅಷ್ಟೇ ಅಲ್ಲ, ನೋಂದಣಿಯಾದ ವಿಲ್ಲಿನ ನಂತರ ಹೀಗೆ ಇನ್ನೊಂದನ್ನು ಬರೆದಿದ್ದು ಅದು ರುಜುವಾತಾದರೆ, ಎರಡೂ ಒಂದೇ ಆಸ್ತಿಯನ್ನು ಕುರಿತಿದ್ದಲ್ಲಿ ಕೊನೆಯದೇ ಊರ್ಜಿತವಾಗುತ್ತದೆ. ಅಂಥ ಹಾಳೆಯನ್ನು ಯಾರಾದರೂ ಬಚ್ಚಿಟ್ಟರೆ ಏನು ಮಾಡಬೇಕು? 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 267ನೇ ಸೆಕ್ಷನ್ನಿನಲ್ಲಿ ಇದಕ್ಕೆ ಉತ್ತರವಿದೆ. ವಿಲ್ ಇಂಥವರ ಬಳಿ ಇದೆಯೆಂದು ತೋರಿಸಿಕೊಟ್ಟರೆ ಅದನ್ನು ತಂದೊಪ್ಪಿಸುವಂತೆ ಜಿಲ್ಲಾ ನ್ಯಾಯಾಧೀಶರು ಆದೇಶಿಸಬಹುದು; ಬಳಿ ಇದೆಯೆಂದು ತೋರಿಸಲಾಗದಿದ್ದರೂ ಅದರ ವಿಷಯ ಅವರಿಗೆ ತಿಳಿದಿದೆ ಎಂದು ನಂಬಲು ಕಾರಣವಿದ್ದರೆ ಅವರನ್ನು ಕರೆಸಿ ವಿಚಾರಿಸಬಹುದು. ಸುಮಾರು ನೂರು ವರ್ಷಗಳಿಂದ ಇರುವ ಈ ಅವಕಾಶದ ಬಗ್ಗೆ ನಾನು ವಿಚಾರಿಸಿದವರಲ್ಲಿ ಬಹಳ ಮಂದಿಗೆ ತಿಳಿದಿರಲಿಲ್ಲ. ತಿಳಿದವರೂ ‘ಸ್ವಂತದವರ ಮೇಲೆ ಕೋರ್ಟಿಗೆ ಹೋಗುತ್ತೀಯಾ?’ ಎಂದೇ ಕೇಳಿದರು. ಬಚ್ಚಿಟ್ಟವರನ್ನು ಯಾರೂ ಪ್ರಶ್ನಿಸುವುದಿಲ್ಲ, ಕೇಳಿದವರೇ ಕೆಟ್ಟವರಾಗುತ್ತಾರೆ.

ವಿಲ್ ಜಾರಿ ಮಾಡುವ ನಿರ್ವಾಹಕರು ನ್ಯಾಯಾಲಯದಿಂದ ಪ್ರೊಬೇಟ್, ಅಂದರೆ ವಿಲ್ ನಿಜವಾದದ್ದೆಂಬ ದೃಢೀಕರಣ, ಪಡೆಯಲು ಹೋದರೆ, ಸಂಬಂಧಪಟ್ಟವರಿಗೆ ನೋಟಿಸ್ ಬರುವ ಸಾಧ್ಯತೆಯಿದೆ ಮತ್ತು ಪ್ರೊಬೇಟ್ ಸಿಕ್ಕ ಆರು ತಿಂಗಳೊಳಗೆ ನಿರ್ವಾಹಕರು ಆಸ್ತಿಯ ಪಟ್ಟಿಯನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕು. ಆದರೆ ಎಲ್ಲ ವಿಲ್ಲುಗಳೂ ಪ್ರೊಬೇಟ್‌ಗೆ ಹೋಗುವುದಿಲ್ಲ. ಇಂಗ್ಲೆಂಡಿನಲ್ಲಿ ಪ್ರೊಬೇಟ್ ಆದ ವಿಲ್ ಸಾರ್ವಜನಿಕ ದಾಖಲೆಯಾಗಿಬಿಡುತ್ತದೆ, ಶುಲ್ಕ ಕಟ್ಟಿ ಯಾರು ಬೇಕಾದರೂ ನಕಲು ಪಡೆಯಬಹುದು. ಅಷ್ಟು ಬಯಲು ನಮಗೆ ಬೇಕೆಂದು ನಾನು ಹೇಳುತ್ತಿಲ್ಲ.

ನನ್ನ ಕೋರಿಕೆ ಚಿಕ್ಕದು. ನನಗೆ ಅತ್ತೆ ಯಾವ ಕಚೇರಿಗೆ ಹೋಗಿದ್ದರೆಂದು ಅವರ ನೆರೆಮನೆಯವರು ನೆನಪಿಸಿಕೊಂಡದ್ದರಿಂದ ಕೆಲಸವಾಯಿತು. ಆ ಅದೃಷ್ಟ ಎಲ್ಲರಿಗೂ ಇರುವುದಿಲ್ಲ. ಮರಣ ಪ್ರಮಾಣಪತ್ರದ ಸಂಖ್ಯೆಯನ್ನು ಕೊಟ್ಟರೆ, ತೀರಿಹೋದವರು ರಾಜ್ಯದ ಯಾವ ಕಚೇರಿಯಲ್ಲಿ ಯಾವ ದಿನ ವಿಲ್ ನೋಂದಾಯಿಸಿದ್ದರು ಅಥವಾ ಠೇವಣಿ ಇಟ್ಟಿದ್ದರು ಎಂಬಷ್ಟನ್ನೇ ತಿಳಿಸುವ ಸೌಲಭ್ಯವನ್ನು ನೋಂದಣಿ ಇಲಾಖೆಯು ಜನರಿಗೆ ಸುಲಭವಾಗಿ ಸಿಗುವಂತೆ ಮಾಡಬೇಕು. ಬದುಕಿರುವವರ ವಿಲ್ಲಿನ ಗುಟ್ಟು ಇದರಿಂದ ಕೆಡುವುದಿಲ್ಲ, ಏಕೆಂದರೆ ಮರಣ ಪ್ರಮಾಣಪತ್ರವಿಲ್ಲದೆ ಹುಡುಕುವಂತೆಯೇ ಇರುವುದಿಲ್ಲ. ಅದಾಗುವವರೆಗೆ, ಇ.ಸಿ.ಯಲ್ಲಿ ವಿಲ್ ಕಾಣುವುದಿಲ್ಲ ಎಂಬ ಒಂದು ಸಾಲನ್ನಾದರೂ ಉಪನೋಂದಣಾಧಿಕಾರಿ ಕಚೇರಿಗಳ ಸೂಚನಾ ಫಲಕದಲ್ಲಿ ಬರೆಸಲಿ.

ಇತಿ,
ನಿವೃತ್ತ ಶಿಕ್ಷಕಿ