ಸೇರಿಗೆ ಕಣ್ಣು ಅಂಟಿಸಬೇಡಿ

ಮಾನ್ಯ ಸಂಪಾದಕರೇ,

ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಅನಿಮೇಷನ್ ಕಲಿಸುತ್ತಿರುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿ ಸಂತೋಷವಾಯಿತು. ಜೊತೆಗಿದ್ದ ಚಿತ್ರಗಳನ್ನು ನೋಡಿ ಮಾತ್ರ ಮನಸ್ಸು ಮುದುಡಿತು. ಚೊಂಬಿಗೆ ಕಣ್ಣು, ಪೊರಕೆಗೆ ಬಾಯಿ, ಕೊಡೆಗೆ ಮೀಸೆ. ಚೊಂಬು ಚೊಂಬಾಗಿ ಉಳಿದಿರಲಿಲ್ಲ, ಪೊರಕೆ ಪೊರಕೆಯಾಗಿ ಉಳಿದಿರಲಿಲ್ಲ.

ಮೂವತ್ತೊಂದು ವರ್ಷ ಚಿತ್ರಕಲೆ ಕಲಿಸಿದವಳು ನಾನು. ಕಳೆದ ದಸರಾ ರಜೆಯಲ್ಲಿ ನಮ್ಮ ಬೀದಿಯ ಆರು ಮಕ್ಕಳೊಂದಿಗೆ ಒಂದು ಪುಟ್ಟ ಅನಿಮೇಷನ್ ಚಿತ್ರ ಮಾಡಿದೆ. ನಮ್ಮ ಅತ್ತೆಯವರ ಕಾಲದ ಹಿತ್ತಾಳೆ ಸೇರನ್ನು ಆಯುಧಪೂಜೆಗೆಂದು ಅಟ್ಟದಿಂದ ಇಳಿಸಿ, ಹುಣಸೆಹಣ್ಣಿನಲ್ಲಿ ತಿಕ್ಕಿ ಇಟ್ಟಿದ್ದೆ. ಇದಕ್ಕೆ ಏನು ಆಸೆ ಇರಬಹುದು ಎಂದು ಕೇಳಿದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು, "ಒದೆಸಿಕೊಳ್ಳುವ ಆಸೆ, ಮಿಸ್" ಎಂದಳು. ಕಿಲೋ ಲೆಕ್ಕ ಬಂದ ಮೇಲೆ ಅಳೆಯುವುದಕ್ಕೆ ಅದನ್ನು ಯಾರೂ ಕರೆಯುವುದಿಲ್ಲ. ಮದುವೆಯಾದಾಗ ಮಾತ್ರ ಅಕ್ಕಿ ತುಂಬಿ ಹೊಸಿಲ ಮೇಲೆ ಇಡುತ್ತಾರೆ, ಹೊಸ ಸೊಸೆ ಬಲಗಾಲಿನಿಂದ ಒದ್ದು ಒಳಗೆ ಬರುತ್ತಾಳೆ ಎಂದು ವಿವರಿಸಿದಳು. ಆ ವರ್ಷವೇ ಅವಳ ಅಣ್ಣನ ಮದುವೆಯಾಗಿತ್ತು.

ಮೊಬೈಲನ್ನು ಸ್ಟೂಲಿಗೆ ಕಟ್ಟಿ ಕೆಲಸ ಶುರುಮಾಡಿದೆವು. ಸೇರನ್ನು ಚೂರುಚೂರೇ ಸರಿಸಿ ಒಂದೊಂದು ಫೋಟೊ ತೆಗೆಯುವುದು; ಅವನ್ನು ಸಾಲಾಗಿ ಓಡಿಸಿದರೆ ಸೇರು ತಾನೇ ಚಲಿಸಿದಂತೆ ಕಾಣುತ್ತದೆ. ಸೆಕೆಂಡಿಗೆ 12 ಚಿತ್ರ; 40 ಸೆಕೆಂಡಿಗೆ 480. ಮೊದಲ ದಿನ ಮಕ್ಕಳು ಸೇರನ್ನು ಕಪ್ಪೆಯಂತೆ ನೆಗೆಸಿದರು. ತೆರೆಯ ಮೇಲೆ ಅದು ಖಾಲಿ ಪ್ಲಾಸ್ಟಿಕ್ ಡಬ್ಬಿಯಂತೆ ಕಂಡಿತು. ಎಲ್ಲರ ಕೈಗೂ ಕೊಟ್ಟು ಭಾರ ನೋಡಲು ಹೇಳಿದೆ. ಮರುದಿನ ಪ್ರತಿ ಚಿತ್ರಕ್ಕೂ ಒಂದು ರಾಗಿಕಾಳಿನಷ್ಟು ಮಾತ್ರ ಸರಿಸಿದರು. ಬಾಗಿಲ ಸದ್ದಾದಾಗ ಸೇರು ಮೆಲ್ಲಗೆ ಹೊಸಿಲ ಕಡೆ ಹೊರಳಿತು. ಅದಕ್ಕೆ ಮುಖವಿರಲಿಲ್ಲ, ಆದರೂ ಕಾಯುತ್ತಿದೆ ಎಂದು ಎಲ್ಲರಿಗೂ ತಿಳಿಯಿತು. ಸೇರಿನ ಬಾಯಿಂದ ಅಕ್ಕಿಯನ್ನು ಸ್ವಲ್ಪಸ್ವಲ್ಪವೇ ಹರಡುತ್ತಾ ತೆಗೆದ ಚಿತ್ರಗಳನ್ನು ಹಿಂದುಮುಂದಾಗಿ ಜೋಡಿಸಿದಾಗ, ಚೆಲ್ಲಿದ ಅಕ್ಕಿ ತಾನೇ ನಡೆದು ಬಂದು ಒಳಗೆ ತುಂಬಿಕೊಂಡಿತು. ಇನ್ನೊಮ್ಮೆ ಒದೆಸಿಕೊಳ್ಳಲು ಸೇರು ಸಿದ್ಧ!

ದೊಡ್ಡ ಕಲಾವಿದರು ನಡೆದದ್ದೂ ಇದೇ ದಾರಿಯಲ್ಲಿ. ಅಮೆರಿಕದ ಅನಿಮೇಷನ್ ಸಂಸ್ಥೆ ಪಿಕ್ಸಾರ್‌ನಲ್ಲಿ ಜಾನ್ ಲ್ಯಾಸೆಟರ್ 1986ರಲ್ಲಿ ಮಾಡಿದ 'ಲಕ್ಸೋ ಜೂನಿಯರ್' ಚಿತ್ರದ ಮೇಜುದೀಪಗಳಿಗೆ ಕಣ್ಣಿಲ್ಲ, ಮಾತಿಲ್ಲ. ದೀಪದ ಕೀಲು ಬಾಗುವ ರೀತಿಯಲ್ಲೇ ಹಿರಿಯ ದೀಪದ ಬೇಸರ, ಮರಿದೀಪದ ತುಂಟತನ ಕಾಣುತ್ತದೆ. ಕೆನಡಾದ ನಾರ್ಮನ್ ಮೆಕ್‌ಲಾರೆನ್ ಅವರ 1957ರ 'ಎ ಚೇರಿ ಟೇಲ್'ನಲ್ಲಿ ಕುರ್ಚಿಯೊಂದು ಒಬ್ಬ ಮನುಷ್ಯನನ್ನು ತನ್ನ ಮೇಲೆ ಕೂರಲು ಬಿಡುವುದಿಲ್ಲ. ಆ ಮನುಷ್ಯನ ಮೇಲೆ ತಾನೊಮ್ಮೆ ಕೂರಬೇಕೆಂಬುದು ಅದರ ಆಸೆ. ಕುರ್ಚಿಯ ಮುನಿಸಿಗೆ ದನಿಯಾದದ್ದು ನಮ್ಮ ರವಿಶಂಕರ್ ಅವರ ಸಿತಾರ್, ಚತುರಲಾಲ್ ಅವರ ತಬಲಾ.

ಶಿಬಿರ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೇ. ಮೊದಲ ದಿನ ಮೊಬೈಲ್ ಬೇಡ. ವಸ್ತುವನ್ನು ಮಕ್ಕಳ ಕೈಗೆ ಕೊಡಿ. ಎತ್ತಲಿ, ಉರುಳಿಸಲಿ, ತಟ್ಟಿ ಸದ್ದು ಕೇಳಲಿ, ಅದು ಏನೇನು ಕೆಲಸ ಮಾಡಿತ್ತೆಂದು ಮನೆಯಲ್ಲಿ ಅಜ್ಜಿಯನ್ನು ಕೇಳಿ ಬರಲಿ. ಸಿದ್ಧ ಕಣ್ಣುಬಾಯಿ ಅಂಟಿಸುವ ಆ್ಯಪ್‌ಗಳನ್ನು ದಯವಿಟ್ಟು ದೂರವಿಡಿ.

ನಮ್ಮ ಬೀದಿಯ ಮಕ್ಕಳು ಈಗ ಕಡಗೋಲನ್ನು ಹಿಡಿದಿದ್ದಾರೆ. ಎಡಕ್ಕೆ ಎಷ್ಟು ಸುತ್ತಿತೋ ಬಲಕ್ಕೂ ಅಷ್ಟೇ ಸುತ್ತಬೇಕಾದ ವಸ್ತು ಏನನ್ನು ಬಯಸೀತು ಎಂಬ ಚರ್ಚೆ ಎರಡು ವಾರದಿಂದ ನಮ್ಮ ಜಗಲಿಯಲ್ಲಿ ನಡೆಯುತ್ತಿದೆ.

— ನಿವೃತ್ತ ಚಿತ್ರಕಲಾ ಶಿಕ್ಷಕಿ, ತಿಪಟೂರು