ಕೆಲಸಕ್ಕೆ ಸೇರಿಸಿಕೊಂಡ ಮೇಲೆ ಒಂದು ನೇಮಕಾತಿ ಪತ್ರ ಕೊಡಿ

ಸಂಪಾದಕರೇ,

ದಾವಣಗೆರೆ ಚೌಕಿಪೇಟೆ, ಮಂಡಿಪೇಟೆ ಕಡೆ ಕೆಲವು ಅಂಗಡಿಗಳ ಲೆಕ್ಕ ಬರೆಯುವವನು ನಾನು. ಮಾಲೀಕರ ಕಷ್ಟವೂ ಗೊತ್ತು, ಕೆಲಸದವರ ಕಷ್ಟವೂ ಗೊತ್ತು. ಇಬ್ಬರ ನಡುವೆ ಜಗಳ ಬಂದಾಗೆಲ್ಲ ನಾನು ಕಂಡಿದ್ದು ಒಂದೇ, ಯಾರ ಕೈಯಲ್ಲೂ ಕಾಗದ ಇರುವುದಿಲ್ಲ.

ಕಳೆದ ದೀಪಾವಳಿ ಮುಗಿಯುತ್ತಿದ್ದಂತೆ ಒಂದು ಬಟ್ಟೆ ಅಂಗಡಿಯಲ್ಲಿ ಎಂಟು ವರ್ಷ ಸೀರೆ ತೋರಿಸಿದ ಅಕ್ಕನಿಗೆ 'ವ್ಯಾಪಾರ ಇಲ್ಲಮ್ಮ, ನಾಳೆಯಿಂದ ಬರಬೇಡ' ಅಂದುಬಿಟ್ಟರು. ಐದು ಸಾವಿರ ಕೈಗಿಟ್ಟರು, ಅಷ್ಟೇ. ಆಕೆಯ ಹತ್ತಿರ ಇದ್ದದ್ದು ಒಂದು ಸಣ್ಣ ನೋಟ್‌ಬುಕ್. ಯಾವ ತಿಂಗಳು ಎಷ್ಟು ಬಂತು, ಹಬ್ಬಕ್ಕೆ ತಗೊಂಡ ಅಡ್ವಾನ್ಸ್ ಎಷ್ಟು ಮುರಿದುಕೊಂಡರು, ಎಲ್ಲಾ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ. ಒಂದು ಕಡೆಯೂ ಮಾಲೀಕರ ಸಹಿ ಇಲ್ಲ. ಈಗ ಮಾಲೀಕರು 'ಆಕೆ ಬಂದು ನಾಲ್ಕು ವರ್ಷ ಆಗಿದೆ ಅಷ್ಟೇ' ಅನ್ನುತ್ತಾರೆ. ಯಾಕೆ ಅಂತ ಗೊತ್ತಾಯ್ತಲ್ವಾ? ಐದು ವರ್ಷ ತುಂಬಿದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಒಂದು ಇಡಿಗಂಟು, ಕೊಡಬೇಕು. ಹತ್ತು ಜನಕ್ಕಿಂತ ಜಾಸ್ತಿ ಇರುವ ಅಂಗಡಿ ಅದು, ಹಾಗಾಗಿ ಆ ನಿಯಮ ಅವರಿಗೂ ಅನ್ವಯಿಸುತ್ತದೆ. ಕೊನೆಯ ಸಂಬಳ 13,000. ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ಕೆಲಸದ ದಿನ ಅನ್ನುವ ಲೆಕ್ಕದಲ್ಲಿ ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಎಂಟು ವರ್ಷಕ್ಕೆ ಲೆಕ್ಕ ಹಾಕಿದರೆ 60,000 ರೂಪಾಯಿ. ಆರು ತಿಂಗಳು ದಾಟಿದವರನ್ನು ತೆಗೆಯಬೇಕಾದರೆ ಸರಿಯಾದ ಕಾರಣ ಬೇಕು, ಒಂದು ತಿಂಗಳ ನೋಟಿಸ್ ಇಲ್ಲವೇ ಆ ತಿಂಗಳ ಸಂಬಳವೂ ಕೊಡಬೇಕು ಅಂತ ನಮ್ಮ ರಾಜ್ಯದ 1961ರ ಅಂಗಡಿ ಕಾಯ್ದೆ ಹೇಳುತ್ತದೆ. ಅದೇ ಕಾಯ್ದೆ, ಕೆಲಸಕ್ಕೆ ಸೇರಿದ 30 ದಿನದೊಳಗೆ ಹುದ್ದೆ, ಸಂಬಳ, ಷರತ್ತು ಬರೆದ ನೇಮಕಾತಿ ಪತ್ರ ಕೊಡಬೇಕು ಅಂತಲೂ ಹೇಳುತ್ತದೆ. ಆ ಪತ್ರ ಇದ್ದಿದ್ದರೆ ಸೇರಿದ ತಾರೀಕಿನ ಬಗ್ಗೆ ಈ ವಾದವೇ ಇರುತ್ತಿರಲಿಲ್ಲ.

ಮಾಲೀಕರೂ ಒದ್ದಾಡುತ್ತಾರೆ, ಇಲ್ಲ ಅನ್ನಲ್ಲ. ದೋಸೆ ಹುಯ್ಯುವ ಹುಡುಗ ಇಪ್ಪತ್ತು ಸಾವಿರ ಅಡ್ವಾನ್ಸ್ ತಗೊಂಡು ಹೇಳದೆ ಕೇಳದೆ ಹೋದ ಅಂತ ಹೋಟೆಲ್‌ನವರೊಬ್ಬರು ನನ್ನ ಹತ್ತಿರ ಗೋಳಾಡಿದರು. ಅವರ ಹತ್ತಿರವೂ ಒಂದು ಚೀಟಿ ಇರಲಿಲ್ಲ.

ಪತ್ರ ಕೊಟ್ಟರೆ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕೆಲಸದವರ ಆರೋಗ್ಯ ವಿಮೆ) ಗಂಟುಬೀಳುತ್ತದೆ ಅನ್ನುವ ಭಯ ಜಾಸ್ತಿ ಜನಕ್ಕಿದೆ. ಅದು ತಪ್ಪು. ಪಿಎಫ್ ಬರುವುದು 20 ಜನ ಆದಾಗ, ಇಎಸ್‌ಐ 10 ಜನ ಆದಾಗ. ಪತ್ರ ಕೊಡದಿದ್ದ ಮಾತ್ರಕ್ಕೆ ತಲೆ ಎಣಿಕೆ ಕಡಿಮೆ ಆಗಲ್ಲ. 13,000 ಸಂಬಳಕ್ಕೆ ಇಎಸ್‌ಐಗೆ ಮಾಲೀಕರ ಪಾಲು ತಿಂಗಳಿಗೆ 423 ರೂಪಾಯಿ. ಅಷ್ಟಕ್ಕೆ ಕೆಲಸದವರ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ.

ಕಾರ್ಮಿಕ ಇಲಾಖೆಯವರು ಅಂಗಡಿ ನೋಂದಣಿ ಮಾಡಿಸಲು ಬಂದವರ ಕೈಗೆ ಕನ್ನಡದಲ್ಲೇ ಒಂದು ಮಾದರಿ ನೇಮಕಾತಿ ಪತ್ರ ಕೊಡಲಿ. ತಮ್ಮ ಪತ್ರಿಕೆಯವರೂ ದಯವಿಟ್ಟು ಅಂಥದ್ದೊಂದು ಮಾದರಿ ಅಚ್ಚು ಹಾಕಿ, ಜನ ಕತ್ತರಿಸಿಟ್ಟುಕೊಂಡು ತುಂಬಿಸಿಕೊಳ್ಳುತ್ತಾರೆ.

— ಲೆಕ್ಕ ಬರೆಯುವ ಒಬ್ಬ ಓದುಗ, ದಾವಣಗೆರೆ