ಕೆನಡಾದಲ್ಲಿ ಚಳಿ ಕಮ್ಮಿ ಇರೋ ಊರು ಕೇಳ್ತಿರೋರಿಗೆ

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಬರ್ತಿರೋರು ಗುಂಪಲ್ಲಿ ಪದೇ ಪದೇ ಕೇಳ್ತಿರೋದು ಇದೇ, ಅದಕ್ಕೇ ಬರೆದು ಪಿನ್ ಮಾಡ್ತಿದೀನಿ. ಬರೀ ಹವಾಮಾನ ನೋಡೋದಾದ್ರೆ ಬ್ರಿಟಿಷ್ ಕೊಲಂಬಿಯಾದ ವಿಕ್ಟೋರಿಯಾ, ಎರಡನೇ ಮಾತೇ ಇಲ್ಲ. ಜನವರಿಲಿ ವಿನ್ನಿಪೆಗ್‌ನಲ್ಲಿ ಸರಾಸರಿ ಮೈನಸ್ 16 ಡಿಗ್ರಿ ಹತ್ರ ಇದ್ರೆ ಇಲ್ಲಿ ಹಗಲು 7-8 ಡಿಗ್ರಿ ಇರುತ್ತೆ, ಸುತ್ತ ಸಮುದ್ರ ಇರೋದ್ರಿಂದ ತಾಪಮಾನ ಅಷ್ಟಾಗಿ ಇಳಿಯಲ್ಲ, ಫೆಬ್ರವರಿಲೇ ರಸ್ತೆ ಬದಿ ಪ್ಲಮ್, ಚೆರ್ರಿ ಮರಗಳು ಹೂ ಬಿಡೋಕೆ ಶುರು, ನೋಡೋಕೆ ಎಷ್ಟು ಚೆನ್ನಾಗಿರುತ್ತೆ ಗೊತ್ತಾ!

ವ್ಯಾಂಕೂವರ್ ಕೂಡ ಹೆಚ್ಚು ಕಮ್ಮಿ ಅಷ್ಟೇ ಬೆಚ್ಚಗೆ, ಆದ್ರೆ ಮಳೆ ವರ್ಷಕ್ಕೆ 1,100 ಮಿ.ಮೀ. ದಾಟುತ್ತೆ. ವಿಕ್ಟೋರಿಯಾ ಸಿಟೀಲಿ ಸುಮಾರು 600 ಅಷ್ಟೇ, ಯಾಕಂದ್ರೆ ಅಮೆರಿಕ ಕಡೆ ಇರೋ ಒಲಿಂಪಿಕ್ ಬೆಟ್ಟಗಳು ಮಳೇನ ಆಚೆನೇ ತಡೆದುಬಿಡ್ತವೆ, ನಮ್ಮಲ್ಲಿ ಘಟ್ಟ ದಾಟಿ ಹಾಸನ ಕಡೆ ಬಂದ್ರೆ ಮಳೆ ಕಮ್ಮಿ ಆಗಲ್ವಾ ಹಾಗೇನೇ.

ಟೊರೊಂಟೊ ಕಡೆನೇ ಇರಬೇಕು ಅನ್ನೋರು ವಿಂಡ್ಸರ್ ನೋಡಬಹುದು, ಆದ್ರೆ ಅಲ್ಲೂ ಜನವರಿ ಸರಾಸರಿ ಸೊನ್ನೆಗಿಂತ ಕೆಳಗೇ.

ಒಂದ್ ವಿಷ್ಯ ಮಾತ್ರ ಗಮನದಲ್ಲಿ ಇಟ್ಕೊಳ್ಳಿ, ವಿಕ್ಟೋರಿಯಾದಲ್ಲಿ ಡಿಸೆಂಬರ್‌ನಲ್ಲಿ ನಾಲ್ಕೂವರೆ ಒಳಗೆ ಸೂರ್ಯ ಮುಳುಗ್ತಾನೆ, ಮೋಡನೂ ಜಾಸ್ತಿ, ಮನೆ ಬಾಡಿಗೆ ಅಂತೂ ತುಂಬಾನೇ ದುಬಾರಿ, ಊರು ದ್ವೀಪದಲ್ಲಿರೋದ್ರಿಂದ ಫೆರಿ ಖರ್ಚೂ ಸೇರಿಸ್ಕೊಳ್ಳಿ. ಸಲಹೆ ಕೇಳೋರು ದಯವಿಟ್ಟು ನಿಮ್ಮ ಕೆಲಸ ಏನು, ಮನೇಲಿ ಎಷ್ಟು ಜನ ಅಂತನೂ ಹಾಕಿ, ಆಗ ಅಲ್ಲಿರೋರು ಸರಿಯಾಗಿ ಹೇಳೋಕಾಗುತ್ತೆ.